ಮೆರೋಯೆಯ ಕಪ್ಪು ಕಲ್ಲು

"ನಾಳೆ ಪಿರಮಿಡ್ ನೋಡೋಕೆ ಹೋಗ್ತಿದ್ದೀನಿ" ಅಂತ ಅಮ್ಮನಿಗೆ ವಾಟ್ಸಾಪ್ ಮಾಡಿದೆ. "ಸುಡಾನ್‌ಗೆ ಅಂತ ಹೇಳಿ ಹೋದವಳು ಈಜಿಪ್ಟಿಗೆ ಯಾವಾಗ ಹೋದೆ?" ಅಂತ ವಾಪಸ್ ಬಂತು. ತಪ್ಪು ಅಮ್ಮನದಲ್ಲ. ಖಾರ್ಟೂಮ್‌ನಲ್ಲಿ ಇಳಿಯೋ ಹಿಂದಿನ ವಾರದವರೆಗೂ ನನಗೇ ಗೊತ್ತಿರಲಿಲ್ಲ. ಸುಡಾನ್‌ನಲ್ಲಿ 200ಕ್ಕೂ ಹೆಚ್ಚು ಪಿರಮಿಡ್‌ಗಳಿವೆ, ಸಂಖ್ಯೆಯಲ್ಲಿ ಈಜಿಪ್ಟಿಗಿಂತ ಜಾಸ್ತಿ.

ಅದು 2023ರ ಜನವರಿ. ಖಾರ್ಟೂಮ್‌ನ ಒಂದು ಆಸ್ಪತ್ರೆಗೆ ನಮ್ಮ ಬೆಂಗಳೂರಿನ ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿಕೊಟ್ಟು, ಅಲ್ಲಿನವರಿಗೆ ಟ್ರೈನಿಂಗ್ ಕೊಡೋದು ನನ್ನ ಕೆಲಸ. ಆರು ವಾರ. ನಮ್ಮ ಕಾರ್ಡು ಯಾವುದೂ ಅಲ್ಲಿ ನಡೆಯಲ್ಲ ಅಂತ ಮೊದಲೇ ಹೇಳಿದ್ದರಿಂದ ಡಾಲರ್ ನೋಟುಗಳನ್ನು ಸೂಟ್‌ಕೇಸಿನ ಸೀರೆ ಮಡಿಕೆಯಲ್ಲಿಟ್ಟುಕೊಂಡು ಹೋಗಿದ್ದೆ. ಕರೆಂಟು ಹೋದರೆ, ಸರ್ವರ್ ಬಿದ್ದರೆ, ಪೆಟ್ರೋಲ್ ಕ್ಯೂ ಎರಡು ಕಿಲೋಮೀಟರ್ ಬೆಳೆದರೆ ಎಲ್ಲದಕ್ಕೂ ಅಲ್ಲಿ ಒಂದೇ ಮಾತು: ಮಾಲೇಶ್. ಅಂದರೆ ಕ್ಷಮಿಸು, ಪರವಾಗಿಲ್ಲ, ಹೋಗ್ಲಿ ಬಿಡು, ಇವೆಲ್ಲವೂ. ಎರಡನೇ ವಾರಕ್ಕೆ ನಾನೂ ಅದನ್ನೇ ಹೇಳೋಕೆ ಶುರು ಮಾಡಿದ್ದೆ.

ದಿನಾ ಗೆಸ್ಟ್‌ಹೌಸಿನಿಂದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ಡ್ರೈವರ್‌ಗೆ ಅರುವತ್ತರ ಹತ್ತಿರ ವಯಸ್ಸು. ಎಲ್ಲರೂ ಅವರನ್ನು "ಯಾ ಅಮ್ಮ್" ಅಂತ ಕರೆಯುತ್ತಿದ್ದರು. ಅರಬ್ಬಿಯಲ್ಲಿ ಅಮ್ಮ್ ಅಂದರೆ ಚಿಕ್ಕಪ್ಪ, ದೊಡ್ಡಪ್ಪ. ನನ್ನ ಕಿವಿಗೆ ಅದು ಅಮ್ಮ ಅಂತಲೇ ಕೇಳುತ್ತಿತ್ತು. ಬಿಳಿ ಗಡ್ಡ, ಬಿಳಿ ಜಲಾಬಿಯಾ, ತಲೆಗೆ ದೊಡ್ಡ ರುಮಾಲು ಸುತ್ತಿದ ಆಜಾನುಬಾಹು ಮನುಷ್ಯನನ್ನು ನಾನು ಅಮ್ಮ ಅಮ್ಮ ಅಂತ ಕರೆಯೋದನ್ನು ಊರಲ್ಲಿ ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದದ್ದು "ಯಾ ಬಿನ್ತಿ", ನನ್ನ ಮಗಳೇ ಅಂತ. ಸೌದಿಯಲ್ಲಿ ಕೆಲವು ವರ್ಷ ದುಡಿದಿದ್ದರಿಂದ ಇಂಗ್ಲಿಷ್ ಬರುತ್ತಿತ್ತು. ಹಿಂದಿ ಬರುತ್ತಿರಲಿಲ್ಲ, ಆದರೆ ಅಮಿತಾಭ್ ಬಚ್ಚನ್ ಸಿನಿಮಾ ಹಾಡುಗಳು ಬರುತ್ತಿದ್ದವು.

ಶುಕ್ರವಾರ ರಜೆ. ಬೆಳಗ್ಗೆ ಐದಕ್ಕೆ ಹೊರಟೆವು. ನನ್ನ ಜೊತೆ ಬರಬೇಕಿದ್ದ ಸಹೋದ್ಯೋಗಿ ಹೊಟ್ಟೆ ಕೆಟ್ಟು ಮಲಗಿದ್ದ. ಒಬ್ಬಳೇ ಹೋಗಲಾ ಬೇಡವಾ ಅಂತ ಹಿಂದಿನ ರಾತ್ರಿ ಒಂದು ಗಂಟೆ ಯೋಚಿಸಿದ್ದೆ. ಅಮ್ಮ್ ಅದಕ್ಕೂ ಒಂದೇ ಮಾತು ಹೇಳಿದರು: "ನನ್ನ ಮಗಳನ್ನ ಹೇಗೆ ಕರ್ಕೊಂಡು ಹೋಗ್ತೀನೋ ಹಾಗೆ."

ಮೆರೋಯೆ ಇರೋದು ಖಾರ್ಟೂಮ್‌ನಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಶೆಂದಿ ಊರು ದಾಟಿದ ಮೇಲೆ. ನಡುವೆ ಒಂದು ಕಡೆ ನಿಲ್ಲಿಸಿ ಫೂಲ್ ತಿಂದೆವು. ನಮ್ಮ ಅವರೆಕಾಳಿನ ದಾಯಾದಿಯಂಥ ದಪ್ಪ ಕಾಳನ್ನು ರಾತ್ರಿಯಿಡೀ ಬೇಯಿಸಿ, ಮಸೆದು, ಎಳ್ಳೆಣ್ಣೆ, ಈರುಳ್ಳಿ, ಚೀಸ್ ಹಾಕಿ ಬ್ರೆಡ್ಡಿನ ಜೊತೆ ಕೊಡುತ್ತಾರೆ. ಊರಲ್ಲಿ ಅವರೆಕಾಯಿ ಕಾಲ. ಅಮ್ಮ ಹಿತಕಿದ ಬೇಳೆ ಸಾರಿನ ಫೋಟೋ ಹಾಕಿ ಹೊಟ್ಟೆ ಉರಿಸುತ್ತಿದ್ದ ದಿನಗಳವು. ನಾನೂ ಫೂಲ್‌ನ ಫೋಟೋ ತೆಗೆದು ಕಳಿಸಿದೆ. "ಒಗ್ಗರಣೆ ಹಾಕಿಲ್ವಾ?" ಅಂತ ಕೇಳಿದರು. ರಸ್ತೆ ಬದಿ ಚಹಾ ಮಾರುವ ಹೆಂಗಸು ಶುಂಠಿ ಹಾಕಿದ ಕಾಫಿ ಕೊಟ್ಟಳು. ಅದು ಅಮೃತ.

ಶೆಂದಿ ದಾಟಿ ಮುಕ್ಕಾಲು ಗಂಟೆ ಆಗಿರಬಹುದು. ಬಲಗಡೆ ಬಯಲಿನ ಆಚೆ ಗುಡ್ಡದ ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಏನೋ ಕಂಡಿತು. ಮುರಿದ ಹಲ್ಲುಗಳು. ಅಮ್ಮ್ ಏನೂ ಹೇಳಲಿಲ್ಲ, ಸ್ಪೀಡ್ ಮಾತ್ರ ಕಮ್ಮಿ ಮಾಡಿದರು.

ಗೀಜಾದ ಪಿರಮಿಡ್‌ಗಳ ಚಿತ್ರ ತಲೆಯಲ್ಲಿಟ್ಟುಕೊಂಡು ಇಲ್ಲಿಗೆ ಬರಬಾರದು. ಅಲ್ಲಿಯ ದೊಡ್ಡ ಪಿರಮಿಡ್ 146 ಮೀಟರ್ ಎತ್ತರ ಇತ್ತು. ಇಲ್ಲಿಯ ಎತ್ತರದವು 30 ಮೀಟರ್ ಆಸುಪಾಸು, ಹೆಚ್ಚಿನವು ಅದಕ್ಕಿಂತ ಚಿಕ್ಕವು. ಆದರೆ ಇವು ಕಡಿದಾಗಿ ನಿಂತಿವೆ. ಗೀಜಾದ ಇಳಿಜಾರು ಸುಮಾರು 52 ಡಿಗ್ರಿ, ಇಲ್ಲಿಯದು 70ರ ಹತ್ತಿರ. ದೂರದಿಂದ ನೋಡಿದರೆ ಪಿರಮಿಡ್ ಅನ್ನೋದಕ್ಕಿಂತ ನಮ್ಮ ಗುಡಿಯ ಶಿಖರದ ನೆನಪೇ ಬರುತ್ತದೆ. ನನಗೆ ಇನ್ನೂ ಹಿಡಿಸಿದ್ದು ಅವು ಗುಂಪಾಗಿರೋದು. ಗುಡ್ಡದ ಬೆನ್ನಿನ ಮೇಲೆ ಒಂದಕ್ಕೊಂದು ಭುಜ ತಾಗಿಸಿಕೊಂಡು ನಲವತ್ತರಷ್ಟು ರಾಜ ರಾಣಿಯರ ಸಮಾಧಿಗಳು. ಸುತ್ತ ಕಿತ್ತಳೆ ಬಣ್ಣದ ಮರಳು. ಅವತ್ತು ಬಂದಿದ್ದ ಪ್ರವಾಸಿಗರು ನನ್ನನ್ನು ಸೇರಿಸಿ ಒಂಬತ್ತು ಜನ. ಗೇಟಿನ ಹೊರಗೆ ಒಂಟೆ ಸವಾರಿಗೆ ಕರೆಯುವ ಹುಡುಗರು, ಮರಳ ಮೇಲೆ ಬಟ್ಟೆ ಹಾಸಿ ಪುಟ್ಟ ಕಲ್ಲಿನ ಪಿರಮಿಡ್, ಮಣಿಸರ ಇಟ್ಟುಕೊಂಡು ಕೂತ ಹೆಂಗಸರು. ನಾನು ಎರಡು ಪಿರಮಿಡ್ ಕೊಂಡೆ. ಒಂದು ಈಗಲೂ ಆಫೀಸಿನ ಮೇಜಿನ ಮೇಲಿದೆ.

ಇವನ್ನು ಕಟ್ಟಿದವರು ಕುಶ್ ರಾಜ್ಯದವರು. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಇವರ ದೊರೆ ಪಿಯೆ ಉತ್ತರಕ್ಕೆ ನುಗ್ಗಿ ಇಡೀ ಈಜಿಪ್ಟನ್ನೇ ಗೆದ್ದ. ಅವನ ವಂಶ ಅಲ್ಲಿ ಫೆರೋಗಳಾಗಿ ಆಳಿತು. ಈಜಿಪ್ಟಿನ ರಾಜರು ಪಿರಮಿಡ್ ಕಟ್ಟೋದನ್ನು ಬಿಟ್ಟು ಎಷ್ಟೋ ಶತಮಾನಗಳಾಗಿದ್ದವು. ಕುಶ್ ದೊರೆಗಳು ಆ ಪದ್ಧತಿಯನ್ನು ಮತ್ತೆ ಶುರು ಮಾಡಿ ಸಾವಿರ ವರ್ಷ ಬಿಡದೆ ನಡೆಸಿದರು. ಪಿಯೆಗೆ ಕುದುರೆ ಅಂದರೆ ಪ್ರಾಣ. ಅವನ ಸಮಾಧಿ ಇರುವ ಎಲ್ ಕುರ್ರುವಿನಲ್ಲಿ ರಾಜರ ಕುದುರೆಗಳನ್ನು ನಿಂತ ಭಂಗಿಯಲ್ಲೇ ಹೂತ ಗುಂಡಿಗಳಿವೆ. ಆಮೇಲೆ ರಾಜರ ಸ್ಮಶಾನ ನೂರಿಗೆ ಹೋಯಿತು. ಕ್ರಿಸ್ತಪೂರ್ವ 3ನೇ ಶತಮಾನದಿಂದ ಕ್ರಿಸ್ತಶಕ 4ನೇ ಶತಮಾನದವರೆಗೆ ಇಲ್ಲಿ, ಮೆರೋಯೆಯಲ್ಲಿ. ಅವರದೇ ಲಿಪಿ ಇತ್ತು. 1911ರ ಹೊತ್ತಿಗೆ ಗ್ರಿಫಿತ್ ಅನ್ನೋ ಇಂಗ್ಲಿಷ್ ವಿದ್ವಾಂಸ ಅದರ ಅಕ್ಷರಗಳ ಉಚ್ಚಾರಣೆ ಪತ್ತೆ ಹಚ್ಚಿದ. ಆದರೆ ಭಾಷೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಓದಬಹುದು, ತಿಳಿಯಲ್ಲ. ಮನೆಯಲ್ಲಿ ತಾತನ ಮೋಡಿ ಲಿಪಿಯ ಕಾಗದ ಇಟ್ಟುಕೊಂಡವರಿಗೆ ಈ ಸಂಕಟದಲ್ಲಿ ಅರ್ಧದಷ್ಟು ಗೊತ್ತಿರುತ್ತದೆ.

ಒಳಗೆ ಹೋಗಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಪಿರಮಿಡ್‌ಗೆ ಒಳಗೆ ಅನ್ನೋದೇ ಇಲ್ಲ. ಅದು ಕಲ್ಲು ಜಲ್ಲಿ ತುಂಬಿ, ಮೇಲೆ ಮರಳುಗಲ್ಲು ಹೊದಿಸಿದ ಗಟ್ಟಿ ರಾಶಿ. ಹೆಣ ಇಡುತ್ತಿದ್ದದ್ದು ಅದರ ಕೆಳಗೆ, ಬಂಡೆಯಲ್ಲಿ ಕೊರೆದ ಕೋಣೆಯಲ್ಲಿ. ಪೂರ್ವದ ಕಡೆಯಿಂದ ಮೆಟ್ಟಿಲು ಇಳಿದು ಹೆಣ ಇಟ್ಟ ಮೇಲೆ ಮೆಟ್ಟಿಲನ್ನೇ ಮಣ್ಣು ತುಂಬಿ ಮುಚ್ಚಿ, ಮೇಲೆ ಒಂದು ಪುಟ್ಟ ಗುಡಿ ಕಟ್ಟುತ್ತಿದ್ದರು. ಮುಖ ಸೂರ್ಯ ಹುಟ್ಟೋ ದಿಕ್ಕಿಗೆ. ನಾವು ಹೋಗಬಹುದಾದದ್ದು ಆ ಗುಡಿಗಳಿಗೆ. ಗೋಡೆಗಳ ಮೇಲೆ ಸಿಂಹಾಸನದಲ್ಲಿ ಕೂತ ರಾಣಿ, ಹಿಂದೆ ರೆಕ್ಕೆ ಚಾಚಿದ ಐಸಿಸ್ ದೇವಿ, ಮುಂದೆ ನೈವೇದ್ಯ ಹಿಡಿದು ಸಾಲುಗಟ್ಟಿದ ಜನ. ನಮ್ಮ ತಿಥಿಯ ದಿನ ನೆನಪಾಯಿತು. ಸತ್ತವರಿಗೆ ಹಸಿವು ಬಾಯಾರಿಕೆ ಇರುತ್ತೆ ಅನ್ನೋ ನಂಬಿಕೆಗೆ ಊರು ದೇಶ ಇಲ್ಲ.

ಒಂದು ಗುಡಿಯ ಗೋಡೆಯ ಮೇಲೆ ಪಿರಮಿಡ್ಡಿನ ಅರ್ಧಭಾಗದ ನಕ್ಷೆಯನ್ನು ಗೀಚಿದ್ದಾರಂತೆ, ಕಟ್ಟಡ ಕಟ್ಟುವ ಮೇಸ್ತ್ರಿಗೆ ತೋರಿಸೋಕೆ ಎಳೆದ ಡ್ರಾಯಿಂಗ್ ಥರ. ಅದನ್ನು ಕಂಡುಹಿಡಿದವರು ಫ್ರೀಡ್ರಿಶ್ ಹಿಂಕೆಲ್. ಜರ್ಮನಿಯ ವಾಸ್ತುಶಿಲ್ಪಿ; ದಶಕಗಳ ಕಾಲ ಇಲ್ಲಿ ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದವರು. ಹೊಸದಾಗಿ ಕಾಣುವ ನಾಲ್ಕಾರು ಪಿರಮಿಡ್‌ಗಳು ಆ ದುರಸ್ತಿಯವು. ಇಷ್ಟು ಕಡಿದಾದ ಇಳಿಜಾರಿನಲ್ಲಿ ಕಲ್ಲನ್ನು ಮೇಲಕ್ಕೆ ಸಾಗಿಸಿದ್ದು ಹೇಗೆ ಅನ್ನೋ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಕೇಳಿ ನಾನು ನಿಂತಲ್ಲೇ ನಕ್ಕುಬಿಟ್ಟೆ. ಪಿರಮಿಡ್ಡಿನ ಮಧ್ಯದಲ್ಲಿ ನೆಟ್ಟ ಮರದ ಕಂಬದ ಅವಶೇಷ ಸಿಕ್ಕಿತು. ಆ ಕಂಬಕ್ಕೆ ಅಡ್ಡಮರ ಕಟ್ಟಿ, ಒಂದು ತುದಿಗೆ ಭಾರ, ಇನ್ನೊಂದು ತುದಿಗೆ ಕಲ್ಲು. ಅಂದರೆ ಏತ! ನೈಲ್ ನದಿಯಿಂದ ಹೊಲಕ್ಕೆ ನೀರೆತ್ತುವ ಅದೇ ಶಾದೂಫ್. ಗುಬ್ಬಿ ಹತ್ತಿರದ ನಮ್ಮೂರಲ್ಲಿ ತಾತ ಏತದ ಮರದ ಮೇಲೆ ಹಿಂದೆ ಮುಂದೆ ನಡೆದು ನೀರೆತ್ತುತ್ತಿದ್ದ ಕಥೆಯನ್ನು ಅಪ್ಪ ನೂರು ಸಲ ಹೇಳಿದ್ದಾರೆ. ಆ ಬಾವಿಯ ಹತ್ತಿರ ಏತದ ಕಲ್ಲುಕಂಬ ಈಗಲೂ ಇದೆ. ಅದಕ್ಕೆ ಈಗ ಹಸು ಕಟ್ಟುತ್ತೇವೆ.

ಕಾವಲುಗಾರ ನಮ್ಮನ್ನು ಒಂದು ಕಲ್ಲುರಾಶಿಯ ಮುಂದೆ ತಂದು ನಿಲ್ಲಿಸಿದ. "ಅಮಾನಿಶಾಖೆತೊ" ಅಂದ.

ರಾಣಿ. ಸುಮಾರು 2,000 ವರ್ಷಗಳ ಹಿಂದೆ ಆಳಿದವಳು. ಕುಶ್‌ನ ಇಂಥ ರಾಣಿಯರಿಗೆ ಕಾಂದಾಕೆ ಅಂತ ಬಿರುದು. ರಾಜನ ಹೆಂಡತಿ ಅಂತ ಪಕ್ಕದಲ್ಲಿ ಕೂತವರಲ್ಲ. ಅವರಲ್ಲಿ ಹಲವರು ತಾವೇ ಸಿಂಹಾಸನ ಏರಿದವರು. ಗುಡಿಯ ಬಾಗಿಲ ಗೋಡೆಯ ಮೇಲೆ ಇವಳು ಈಟಿ ಹಿಡಿದು ಶತ್ರುಗಳನ್ನು ಬಡಿಯುತ್ತಾ ನಿಂತಿದ್ದಾಳೆ. ತುಂಬಿದ ತೋಳು, ಭಾರಿ ಸೊಂಟ, ಸೊಗಸಾದ ದಪ್ಪ ಹೆಂಗಸು. ಈಜಿಪ್ಟಿನ ಚಿತ್ರಗಳ ಕಡ್ಡಿಯಂಥ ರಾಣಿಯರನ್ನು ನೋಡಿ ನೋಡಿ ಸಾಕಾದ ಕಣ್ಣಿಗೆ ಹಬ್ಬ. ತೂಕ ಇಳಿಸು ಅಂತ ಇವಳಿಗೆ ಯಾವ ಸೋದರತ್ತೆಯೂ ಹೇಳಿರಲಿಕ್ಕಿಲ್ಲ.

1821ರಲ್ಲಿ ಫ್ರೆಂಚ್ ಪ್ರವಾಸಿ ಕಾಯೋ ಇಲ್ಲಿಗೆ ಬಂದಾಗ ಇವಳ ಪಿರಮಿಡ್ ಬಹುಮಟ್ಟಿಗೆ ಪೂರ್ತಿಯಾಗಿತ್ತು. ಅವನು ಬರೆದ ಚಿತ್ರ ಇದೆ. 1834ರಲ್ಲಿ ಬಂದವನು ಜುಸೆಪ್ಪೆ ಫೆರ್ಲಿನಿ, ಇಟಲಿಯ ಬೊಲೊನ್ಯಾದವನು, ಆಗ ಸುಡಾನನ್ನು ಆಳುತ್ತಿದ್ದ ಈಜಿಪ್ಟಿನ ಸೇನೆಯಲ್ಲಿ ವೈದ್ಯ. ಜೀವ ಉಳಿಸೋ ಕೆಲಸದವನು. ಆಳುಗಳನ್ನು ಹಚ್ಚಿ ತುದಿಯಿಂದ ಕಲ್ಲು ಕೀಳಿಸುತ್ತಾ ಬಂದ. ಅವನಿಗೆ ಅಮಾನಿಶಾಖೆತೊಳ ಒಡವೆ ಸಿಕ್ಕಿತು. ಬಂಗಾರದ ಬಳೆ, ಉಂಗುರ, ಹಾರ, ಬಣ್ಣದ ಗಾಜು ಕೂರಿಸಿದ ಸೂಕ್ಷ್ಮ ಕೆಲಸ. ಯುರೋಪಿಗೆ ಒಯ್ದು ಮಾರಲು ಹೋದರೆ ಅಲ್ಲಿಯವರಿಗೆ ಅನುಮಾನ: ಆಫ್ರಿಕಾದ ಕಪ್ಪು ಜನ ಇಷ್ಟು ನಾಜೂಕಾದ ಕೆಲಸ ಮಾಡಿರೋಕೆ ಸಾಧ್ಯವಾ ಅಂತ! ಕೊನೆಗೆ ಸ್ವಲ್ಪ ಭಾಗ ಬವೇರಿಯಾದ ರಾಜ ಕೊಂಡ, ಉಳಿದದ್ದು ಬರ್ಲಿನ್‌ಗೆ ಹೋಯಿತು. ಈಗಲೂ ಮ್ಯೂನಿಕ್ ಮತ್ತು ಬರ್ಲಿನ್ ಮ್ಯೂಸಿಯಂಗಳಲ್ಲಿದೆ. ನಿಧಿ ಸಿಕ್ಕಿದ್ದು ಪಿರಮಿಡ್ಡಿನ ಮೇಲ್ಭಾಗದ ಕೋಣೆಯಲ್ಲಿ ಅಂತ ಫೆರ್ಲಿನಿ ಬರೆದುಬಿಟ್ಟ. ಮೇಲೆ ಕೋಣೆಯೇ ಇರಲ್ಲ ಅಂತ ಈಗಿನವರ ಮಾತು. ಅಲ್ಲಿಯ ತಲೆ ಹೋದ ಪಿರಮಿಡ್‌ಗಳಷ್ಟನ್ನೂ ಅವನ ತಲೆಗೇ ಕಟ್ಟೋದು ಸರಿಯಲ್ಲ. ಗಾಳಿ, ಮರಳು, ಬೇರೆ ಕಳ್ಳರೂ ಸೇರಿದ್ದಾರೆ. ಆದರೆ ನಾನು ನೋಡುತ್ತಿದ್ದ ಈ ರಾಶಿ ಅವನದೇ.

ಕಾವಲುಗಾರ ಇದನ್ನು ಹೇಳಿದ್ದು ಅರಬ್ಬಿಯಲ್ಲಿ, ಅಮ್ಮ್ ನನಗೆ ಇಂಗ್ಲಿಷಿಗೆ ತಿರುಗಿಸಿದ್ದು. ನಡುವೆ ನಿಲ್ಲಿಸಿ, ತಮ್ಮ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಬಿಳಿ ತೋಬ್ ಉಟ್ಟ ಹುಡುಗಿ, ಹಿಂದೆ ಜನಸಾಗರ. 2019ರಲ್ಲಿ ಒಮರ್ ಅಲ್ ಬಶೀರ್ ವಿರುದ್ಧ ಖಾರ್ಟೂಮ್‌ನ ಸೇನಾ ಕೇಂದ್ರದ ಎದುರು ಜನ ಧರಣಿ ಕೂತಿದ್ದರಲ್ಲ, ಅಲ್ಲಿ ತೆಗೆದದ್ದು. ಆ ಹೋರಾಟದಲ್ಲಿ ಮುಂದೆ ನಿಂತ ಹೆಂಗಸರನ್ನೆಲ್ಲ ಸುಡಾನ್ ಕಂಡಾಕ ಅಂತ ಕರೆಯಿತು, ಅದೇ ಹಳೇ ಬಿರುದು. "ನನ್ನ ಮಗಳು. ಡಾಕ್ಟರಿಕೆ ಓದ್ತಿದ್ದಾಳೆ. ಇವಳೂ ಕಂಡಾಕ" ಅಂದರು. ಆಮೇಲೆ ಮೆಲ್ಲಗೆ, "ಹೋಗಬೇಡ ಅಂತ ಬಾಗಿಲು ಹಾಕಿದ್ದೆ. ಕಿಟಕಿಯಿಂದ ಹೋದಳು."

ಮಧ್ಯಾಹ್ನ ಹೆದ್ದಾರಿಯ ಇನ್ನೊಂದು ಪಕ್ಕಕ್ಕೆ, ನೈಲ್ ಕಡೆಗೆ ನಾಲ್ಕೈದು ಕಿಲೋಮೀಟರ್ ಹೋದೆವು. ಅಲ್ಲಿ ರಾಜಧಾನಿಯ ಅವಶೇಷ ಇದೆ. ಸಮಾಧಿ ನೋಡಿದವರಲ್ಲಿ ಎಷ್ಟೋ ಜನ ಇಲ್ಲಿಗೆ ಬರಲ್ಲ, ಬರಬೇಕು. ಕರಿಜಾಲಿ ಮರಗಳ ನಡುವೆ ಕುಸಿದ ಗೋಡೆ, ಗುಡಿಯ ಮುಂದೆ ಸವೆದ ಟಗರುಗಳು. ಇಲ್ಲಿಯೇ 1910ರಲ್ಲಿ ಒಂದು ಗುಡಿಯ ಮೆಟ್ಟಿಲ ಕೆಳಗೆ ರೋಮ್ ಚಕ್ರವರ್ತಿ ಆಗಸ್ಟಸ್‌ನ ಕಂಚಿನ ತಲೆ ಸಿಕ್ಕಿದ್ದು. ಕುಶ್ ಸೇನೆ ಈಜಿಪ್ಟಿನ ಗಡಿಯ ರೋಮನ್ ಊರುಗಳ ಮೇಲೆ ಬಿದ್ದು ಅವನ ಪ್ರತಿಮೆಯನ್ನು ಉರುಳಿಸಿ, ತಲೆ ಕತ್ತರಿಸಿ ತಂದಿತ್ತು. ಯುದ್ಧ ನಡೆಸಿದ್ದು ಒಂದು ಕಣ್ಣು ಕಳೆದುಕೊಂಡ ಕಾಂದಾಕೆ ಅಂತ ಗ್ರೀಕ್ ಲೇಖಕ ಸ್ಟ್ರಾಬೋ ಬರೆದಿದ್ದಾನೆ. ತಂದ ತಲೆಯನ್ನು ಪ್ರದರ್ಶನಕ್ಕೆ ಇಡಲಿಲ್ಲ. ಹೋಗಿ ಬರುವವರೆಲ್ಲ ತುಳಿಯಲಿ ಅಂತ ಮೆಟ್ಟಿಲ ಕೆಳಗೆ ಹೂತರು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ.

ಅಲ್ಲೇ ಕಪ್ಪು ದಿಬ್ಬಗಳಿವೆ. ಮೊದಲು ಮಣ್ಣಿನ ಗುಡ್ಡೆ ಅಂದುಕೊಂಡೆ. ಹತ್ತಿರ ಹೋದರೆ ಕಬ್ಬಿಣದ ಕಿಟ್ಟ. ಮೆರೋಯೆಯವರು ಶತಮಾನಗಳ ಕಾಲ ಕಬ್ಬಿಣ ಕರಗಿಸಿ, ಉಳಿದ ಕಿಟ್ಟವನ್ನು ಸುರಿದು ಸುರಿದು ಆದ ದಿಬ್ಬ. ಕುಲುಮೆಗೆ ಇದೇ ಕರಿಜಾಲಿಯ ಇದ್ದಿಲು. ನಾನು ಬಾಗಿ ಒಂದು ತುಂಡು ಎತ್ತಿಕೊಂಡೆ. ಬೆಲ್ಲದಚ್ಚಿನಷ್ಟು ದೊಡ್ಡದು, ಗಾತ್ರಕ್ಕೆ ಮೀರಿದ ಭಾರ, ಒಂದು ಪಕ್ಕ ಜೇನುತುಪ್ಪ ಹರಿದು ಹೆಪ್ಪುಗಟ್ಟಿದ ಹಾಗೆ ನಯ. ಸುತ್ತ ಲಕ್ಷಾಂತರ ತುಂಡು ಬಿದ್ದಿವೆ. ಬಂಗಾರ ಅಲ್ಲ, ಕೆತ್ತನೆ ಅಲ್ಲ, ಅವರೇ ಬಿಸಾಡಿದ ಕಸ. ಜೀನ್ಸ್ ಜೇಬಿಗೆ ಹಾಕಿಕೊಂಡೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಫೆರ್ಲಿನಿಯನ್ನು ಬೈದೆ. ಮ್ಯೂಸಿಯಂನವರು ಒಡವೆ ವಾಪಸ್ ಕೊಡಬೇಕು, ನಾಚಿಕೆ ಆಗಬೇಕು ಅವರಿಗೆ, ನಮ್ಮ ದೇಶದಿಂದಲೂ ಹೀಗೇ ಏನೇನೋ ಹೋಗಿದೆ ಅಂತ ಭಾಷಣ. ಅಮ್ಮ್ ಕೇಳುತ್ತಾ ಹೂಂಗುಟ್ಟುತ್ತಾ ಓಡಿಸುತ್ತಿದ್ದರು. ಸೀಟ್‌ಬೆಲ್ಟ್ ಸರಿ ಮಾಡಿಕೊಳ್ಳುವಾಗ ಜೇಬಿನ ಕಲ್ಲು ತೊಡೆಗೆ ಚುಚ್ಚಿತು. ಮಾತು ನಿಂತಿತು.

ಐದು ನಿಮಿಷ ಸುಮ್ಮನಿದ್ದೆ. ಅದು ಕಸ, ಅಂತ ನನಗೆ ನಾನೇ ಹೇಳಿಕೊಂಡೆ. 2011ರಿಂದ ಅದು ವಿಶ್ವ ಪಾರಂಪರಿಕ ತಾಣ, ಅಂತ ತಲೆಯ ಇನ್ನೊಂದು ಮೂಲೆ ಹೇಳಿತು. ಕೊನೆಗೆ ತೆಗೆದು ತೋರಿಸಿದೆ.

ಅಮ್ಮ್ ಬೈಯಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು. "ಹಜರ್" ಅಂದರು, ಕಲ್ಲು ಅಂತ. ಗಾಡಿ ತಿರುಗಿಸೋಣ ಅಂದೆ. ಶೆಂದಿ ದಾಟಿ ಬಹಳ ದೂರ ಬಂದಿದ್ದೆವು, ಕತ್ತಲಾಗುವ ಮೊದಲು ಚೆಕ್‌ಪೋಸ್ಟ್ ದಾಟಬೇಕು, ಪೆಟ್ರೋಲ್ ಬೇರೆ ಅಳೆದು ತೂಗಿ ಹಾಕಿಸಿದ್ದು. ಅವರು ಕೈ ಚಾಚಿ ಕಲ್ಲು ತೆಗೆದುಕೊಂಡು, ಸ್ಟೇರಿಂಗ್ ಪಕ್ಕದ ಡಬ್ಬಿಯಲ್ಲಿ ಜಪಮಣಿಯ ಜೊತೆ ಇಟ್ಟರು. "ಮುಂದಿನ ಸಲ ಯಾರನ್ನಾದರೂ ಕರ್ಕೊಂಡು ಹೋಗ್ತೀನಲ್ಲ. ಆಗ ಅಲ್ಲೇ ಹಾಕ್ತೀನಿ. ಮಾಲೇಶ್, ಬಿನ್ತಿ."

ಫೆಬ್ರವರಿ ಮಧ್ಯದಲ್ಲಿ ನಾನು ಬೆಂಗಳೂರಿಗೆ ಬಂದೆ. ಏಪ್ರಿಲ್ 15ರ ಬೆಳಗ್ಗೆ ಖಾರ್ಟೂಮ್‌ನಲ್ಲಿ ಯುದ್ಧ ಶುರುವಾಯಿತು.

ಆಮೇಲಿನದ್ದು ನಿಮಗೂ ಸುದ್ದಿಯಲ್ಲಿ ಬಂದಿದೆ. ಕರ್ನಾಟಕಕ್ಕೆ ಅದು ದೂರದ ಯುದ್ಧವಾಗಿ ಉಳಿಯಲಿಲ್ಲ. ಗಿಡಮೂಲಿಕೆ ಎಣ್ಣೆ, ಔಷಧ ಮಾರೋಕೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಎಲ್ ಫಾಶರ್‌ನಲ್ಲಿ ಸಿಕ್ಕಿಹಾಕಿಕೊಂಡರು. ಊಟ ನೀರಿಲ್ಲದೆ ಬಾಡಿಗೆ ಮನೆಯೊಳಗಿಂದ ಅವರು ಕಳಿಸಿದ ವಿಡಿಯೋಗಳನ್ನು ನಾನು ಮೆಟ್ರೋದಲ್ಲಿ ನಿಂತು ನೋಡಿದ್ದೇನೆ. ಭಾರತೀಯರನ್ನು ಕರೆತಂದ ಕಾರ್ಯಾಚರಣೆಗೆ ಆಪರೇಷನ್ ಕಾವೇರಿ ಅಂತ ಹೆಸರಿಟ್ಟರು. ಪೋರ್ಟ್ ಸುಡಾನ್‌ನಿಂದ ಹಡಗಿನಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ವಿಮಾನದಲ್ಲಿ ಮನೆಗೆ. 3,800ಕ್ಕೂ ಹೆಚ್ಚು ಜನ ಬಂದರು. ಅಮ್ಮ ಟೀವಿ ಮುಂದೆ ಕೂತು, "ಆ ನಿನ್ನ ಡ್ರೈವರ್‌ಗೆ ಯಾವ ಹಡಗು ಕಳಿಸ್ತಾರೆ?" ಅಂತ ಕೇಳಿದರು.

ಅಮ್ಮ್‌ಗೆ ಕಳಿಸಿದ ಮೆಸೇಜುಗಳಿಗೆ ಒಂದೇ ಟಿಕ್. ಏಪ್ರಿಲ್, ಮೇ, ಜೂನ್. ನಾವು ಸಾಫ್ಟ್‌ವೇರ್ ಹಾಕಿದ ಆಸ್ಪತ್ರೆಯ ಸರ್ವರ್ ಕೂಡ ಏಪ್ರಿಲ್‌ನಲ್ಲೇ ಆಫ್‌ಲೈನ್ ಆಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಆ ಕೆಂಪು ಚುಕ್ಕೆಯನ್ನು ಯಾರೂ ತೆಗೆದುಹಾಕಿರಲಿಲ್ಲ. ಖಾರ್ಟೂಮ್‌ನ ರಾಷ್ಟ್ರೀಯ ಮ್ಯೂಸಿಯಂಗೆ ಬಂದೂಕುಧಾರಿಗಳು ನುಗ್ಗಿದ ಸುದ್ದಿ ಬಂತು. ಆಮೇಲೆ, ಅಲ್ಲಿಯ ವಸ್ತುಗಳನ್ನು ಲಾರಿಗಟ್ಟಲೆ ಸಾಗಿಸಿದ್ದಾರೆ ಅಂತಲೂ ಬಂತು. ಒಂದು ಮಧ್ಯಾಹ್ನ ಅಲ್ಲಿ ಅಮ್ಮ್ ಜೊತೆ ನಾನು ಸುತ್ತಿದ್ದೆ. ಬಾಗಿಲ ಹತ್ತಿರ ನಿಂತಿದ್ದ ತಹರ್ಕ ದೊರೆಯ ಭಾರಿ ಕಲ್ಲಿನ ಪ್ರತಿಮೆಯ ಪಕ್ಕ ಅವರನ್ನು ನಿಲ್ಲಿಸಿ ಫೋಟೋ ತೆಗೆದಿದ್ದೆ. ಮುಖದಲ್ಲಿ ಹೋಲಿಕೆ ಇದೆ ಅಂತ ರೇಗಿಸಿದ್ದೆ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಬೇರೆ ನಂಬರಿನಿಂದ ವಾಯ್ಸ್ ನೋಟ್ ಬಂತು. ಎರಡು ನಿಮಿಷದ್ದು. ಹಿಂದೆ ಮಕ್ಕಳ ಗಲಾಟೆ, ಯಾವುದೋ ಪಾತ್ರೆಯ ಸದ್ದು. ಮೊದಲು ನನ್ನ ಆರೋಗ್ಯ ಕೇಳಿದರು, ಆಮೇಲೆ ಅಮ್ಮನ ಮಂಡಿನೋವು ಹೇಗಿದೆ ಅಂತ. ಹೆಂಡತಿ ಮಕ್ಕಳೆಲ್ಲ ಶೆಂದಿಯಲ್ಲಿ ತಂಗಿಯ ಮನೆಯಲ್ಲಿದ್ದೀವಿ, ಒಂದೇ ಮನೆಯಲ್ಲಿ ಹತ್ತೊಂಬತ್ತು ಜನ. ಮಗಳ ಓದು ನಿಂತಿದೆ, ಆದರೆ ಇಲ್ಲಿಯ ಆಸ್ಪತ್ರೆಯಲ್ಲಿ ಗಾಯಾಳುಗಳಿಗೆ ಬ್ಯಾಂಡೇಜ್ ಕಟ್ಟೋಕೆ ಹೋಗ್ತಾಳೆ. ಈ ಸಲ ಬಾಗಿಲು ಹಾಕಲಿಲ್ಲ ಅಂತ ಹೇಳಿ ಸ್ವಲ್ಪ ನಕ್ಕರು. ಖಾರ್ಟೂಮ್‌ನಿಂದ ಹೊರಡುವಾಗ ದಾರಿಯಲ್ಲಿ ಬಂದೂಕು ಹಿಡಿದವರು ಎಲ್ಲರನ್ನೂ ಕೆಳಗಿಳಿಸಿ ಕಾರು ತಗೊಂಡರು. ಅಲ್ಲಿಂದ ಸ್ವಲ್ಪ ದೂರ ನಡೆದು, ಆಮೇಲೆ ಲಾರಿಯಲ್ಲಿ ಬಂದೆವು.

ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಮುಗಿಯಿತು ಅಂದುಕೊಂಡೆ. ಇನ್ನೂ ಹನ್ನೊಂದು ಸೆಕೆಂಡ್ ಉಳಿದಿತ್ತು.

"ಬಿನ್ತಿ, ನಿನ್ನ ಹಜರ್ ಕಾರಲ್ಲೇ ಇತ್ತು. ವಾಪಸ್ ಹಾಕೋಕೆ ಆಗಲಿಲ್ಲ. ಮಾಲೇಶ್."